ಪದರುಗಳೊಳಗಿನ ಬೆಳಕು: ಹರಳು, ಸೀಸ ಮತ್ತು ನಾಳಿನ ದೀಪ

(ಉಪನ್ಯಾಸದ ಪಠ್ಯ)



ಚಾಮರಾಜಪೇಟೆಯ ಅಂಚಿನಲ್ಲಿ, ಇಂದು ಕೃಷ್ಣರಾಜ ಮಾರುಕಟ್ಟೆ ಇರುವ ಪ್ರದೇಶದಲ್ಲಿ, 1905ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಬೆಳಗಿದವು. ಮಾರುಕಟ್ಟೆಯ ಕಟ್ಟಡ ಅಂದಿಗೆ ಇನ್ನೂ ಎದ್ದಿರಲಿಲ್ಲ. ಅಲ್ಲಿಯವರೆಗೆ ಸೀಮೆಎಣ್ಣೆಯ ದೀಪಗಳನ್ನು ಸಂಜೆ ಹಚ್ಚಿ ಬೆಳಗಿನ ಜಾವ ಆರಿಸುತ್ತಿದ್ದ ಊರಿಗೆ ತಂತಿಯ ಮೂಲಕ ಬೆಳಕು ಬಂದದ್ದು ಒಂದು ಅಚ್ಚರಿಯೇ ಆಗಿತ್ತು. ಆ ವಿದ್ಯುತ್ತು ಹುಟ್ಟಿದ್ದು ನಗರದಲ್ಲಲ್ಲ, ಕಾವೇರಿಯ ಶಿವನಸಮುದ್ರದ ಜಲಪಾತದಲ್ಲಿ. 1902ರಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿದ್ದ ಶಕ್ತಿಯಲ್ಲಿ ಒಂದು ಪಾಲು ಮೂರು ವರ್ಷಗಳ ತರುವಾಯ ರಾಜಧಾನಿಯತ್ತ ತಿರುಗಿತು. ಮುಂದೆ 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು, ಗದ್ದೆಗಳು, ತೋಟಗಳು ಹಿನ್ನೀರಿನಡಿ ಸೇರಿದವು. ಅಲ್ಲಿಂದ ಎದ್ದುಹೋದ ಎಷ್ಟೋ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಇಂದಿಗೂ ಉಳುಮೆಯ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತುತ್ತಿರುವುದು ಈ ಸಭೆಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಆದುದರಿಂದ ಬಸವನಗುಡಿಯ ಒಂದು ಮನೆಯ ಬಲ್ಬು ಎಷ್ಟು ವಿದ್ಯುತ್ತನ್ನು ನುಂಗುತ್ತದೆ ಎಂಬುದು ಶರಾವತಿ, ಕಾಳಿ ಕಣಿವೆಗಳಿಗೆ ಸಂಬಂಧಪಡದ ಪ್ರಶ್ನೆ ಎಂದು ಭಾವಿಸಲಾಗದು. ಲೆಕ್ಕ ಸರಳವಾಗಿದೆ. ಹಳೆಯ 60 ವಾಟ್ ಬಲ್ಬು ಸುಮಾರು 800 ಲ್ಯೂಮೆನ್ ಬೆಳಕು ಕೊಡುತ್ತಿತ್ತು. ತನಗೆ ಸಿಕ್ಕ ಶಕ್ತಿಯ ಬಹುಭಾಗವನ್ನು ಅದು ಶಾಖವಾಗಿ ಚೆಲ್ಲುತ್ತಿತ್ತು. ಅಷ್ಟೇ ಬೆಳಕನ್ನು ಇಂದಿನ 9 ವಾಟ್ ಎಲ್‌ಇಡಿ ಕೊಡುತ್ತದೆ. ಒಂದು ಕೋಟಿ ಬಲ್ಬುಗಳನ್ನು ಹೀಗೆ ಬದಲಾಯಿಸಿ, ಅವೆಲ್ಲ ಒಟ್ಟಿಗೇ ಉರಿಯುತ್ತವೆಂದು ಎಣಿಸಿದರೆ ಉಳಿತಾಯ 510 ಮೆಗಾವಾಟ್. ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1035 ಮೆಗಾವಾಟ್. ಅಂದರೆ ಅರ್ಧ ಶರಾವತಿ! 2015ರ ಜನವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯಡಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾಗಿವೆ. ಹೀಗೆ ಉಳಿದ ವಿದ್ಯುತ್ತು ಹೊಸ ಅಣೆಕಟ್ಟುಗಳನ್ನು ತಡೆಯಿತೇ, ಇಲ್ಲವೇ ಹೊಸ ಬಳಕೆಗೆ ದಾರಿಯಾಯಿತೇ ಎಂಬುದು ಬೇರೆಯೇ ಚರ್ಚೆ. ದೀಪದ ವಿಜ್ಞಾನವನ್ನು ಮಲೆನಾಡಿನವರು ತಿಳಿದುಕೊಳ್ಳಬೇಕಾದ ಕಾರಣ ಮಾತ್ರ ಇಷ್ಟರಿಂದಲೇ ಸ್ಪಷ್ಟ.

ಇಂದು ಮನೆಮನೆಯಲ್ಲಿರುವ ಬಿಳಿ ಎಲ್‌ಇಡಿಯ ಒಳಗೆ ನಿಜವಾಗಿ ಬಿಳಿಯ ಬೆಳಕು ಹುಟ್ಟುವುದಿಲ್ಲ. ಗ್ಯಾಲಿಯಮ್ ನೈಟ್ರೈಡ್ ಎಂಬ ಅರೆವಾಹಕದ ಚಿಕ್ಕ ಚೂರೊಂದು ನೀಲಿ ಬೆಳಕನ್ನು ಸೂಸುತ್ತದೆ. ಅದರ ಮೇಲೆ ಲೇಪಿಸಿದ ಹಳದಿ ಪುಡಿ ಆ ನೀಲಿಯ ಒಂದು ಭಾಗವನ್ನು ಹೀರಿ ಹಳದಿಯಾಗಿ ಮರಳಿಸುತ್ತದೆ. ಎರಡೂ ಕೂಡಿ ಕಣ್ಣಿಗೆ ಬಿಳಿ. ಆ ನೀಲಿ ದೀಪವನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ನೊಬೆಲ್ ಪುರಸ್ಕಾರ ಸಂದಿತು. ಆದರೆ ಗ್ಯಾಲಿಯಮ್ ನೈಟ್ರೈಡಿನ ಹರಳನ್ನು ಬೆಳೆಸಲು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖ, ಶುದ್ಧಾನಿಲಗಳು, ದುಬಾರಿ ಯಂತ್ರಗಳು ಬೇಕು. ಇದಕ್ಕಿಂತ ಸುಲಭವಾಗಿ, ಬಣ್ಣ ಬಳಿದಂತೆ ಬಳಿದು, ನೂರು ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಒಣಗಿಸಿ ದೀಪ ಮಾಡಬಹುದಾದರೆ? ಆ ಆಸೆಯಿಂದ ಜಗತ್ತಿನ ಪ್ರಯೋಗಶಾಲೆಗಳು ಈ ಹತ್ತು ಹದಿನೈದು ವರ್ಷಗಳಲ್ಲಿ ಮುಗಿಬಿದ್ದಿರುವ ವಸ್ತುವಿನ ಹೆಸರು ಪೆರೊವ್ಸ್ಕೈಟ್. ಚಾಮರಾಜಪೇಟೆಯಲ್ಲಿ 1915ರಿಂದ ಕನ್ನಡ ಸಾಹಿತ್ಯ ಪರಿಷತ್ತು ಇದ್ದರೂ ಈ ಪದಕ್ಕೆ ಕನ್ನಡದಲ್ಲಿ ಪರ್ಯಾಯ ರೂಢಿಗೆ ಬಂದಿಲ್ಲ. ಬರಬೇಕಾಗಿಯೂ ಇಲ್ಲ, ಏಕೆಂದರೆ ಇದು ಒಬ್ಬ ವ್ಯಕ್ತಿಯ ಹೆಸರು. 1839ರಲ್ಲಿ ರಷ್ಯಾದ ಉರಲ್ ಪರ್ವತದಿಂದ ಬಂದ ಒಂದು ಖನಿಜವನ್ನು ಜರ್ಮನಿಯ ಗುಸ್ತಾವ್ ರೋಸ್ ಪರೀಕ್ಷಿಸಿ, ರಷ್ಯಾದ ಖನಿಜಾಸಕ್ತ ಅಧಿಕಾರಿ ಲೆವ್ ಪೆರೊವ್ಸ್ಕಿಯ ಹೆಸರನ್ನು ಅದಕ್ಕಿಟ್ಟನು. ಅದು ಕ್ಯಾಲ್ಸಿಯಮ್, ಟೈಟಾನಿಯಮ್, ಆಮ್ಲಜನಕಗಳ ಸಂಯುಕ್ತ. ಬೆಟ್ಟದಿಂದ ಬಂದ ಕಲ್ಲು ಎಂಬುದನ್ನು ಬೆಟ್ಟದ ಜನ ನೆನಪಿಟ್ಟುಕೊಂಡರೆ ಸಾಕು.

ಇಂದು ಪೆರೊವ್ಸ್ಕೈಟ್ ಎಂದರೆ ಒಂದು ಖನಿಜವಲ್ಲ, ಒಂದು ಕಟ್ಟೋಣದ ಮಾದರಿ. ನಡುವೆ ಒಂದು ಲೋಹದ ಪರಮಾಣು; ಅದರ ಮೇಲೆ, ಕೆಳಗೆ, ನಾಲ್ಕು ಪಕ್ಕಗಳಲ್ಲಿ ಒಟ್ಟು ಆರು ಪರಮಾಣುಗಳು. ಈ ಆರನ್ನು ಗೆರೆಗಳಿಂದ ಸೇರಿಸಿದರೆ ಎಂಟು ಮುಖಗಳ ಒಂದು ಆಕೃತಿ, ಅಷ್ಟಮುಖಿ, ದೊರೆಯುತ್ತದೆ. ಅಷ್ಟಮುಖಿಗಳು ಮೂಲೆಗೆ ಮೂಲೆ ಕೂಡಿಕೊಂಡು ಮೂರೂ ದಿಕ್ಕಿನಲ್ಲಿ ಹಬ್ಬುತ್ತವೆ. ನಡುವಣ ಗೂಡುಗಳಲ್ಲಿ ದೊಡ್ಡ ಅಯಾನುಗಳು ಕುಳಿತುಕೊಳ್ಳುತ್ತವೆ. ಭೂಮಿಯ ಆಳದ ಕವಚದಲ್ಲಿ ಹೇರಳವಾಗಿರುವ ಸಿಲಿಕೇಟ್ ಕೂಡ ಇದೇ ಮಾದರಿಯದು. ಹೀಗೆ ನೋಡಿದರೆ ಪೆರೊವ್ಸ್ಕೈಟ್ ಅಪರೂಪದ ವಸ್ತುವೇನೂ ಅಲ್ಲ. ಪ್ರತಿಯೊಬ್ಬರ ಕಾಲಡಿಯಲ್ಲಿ ನೂರಾರು ಕಿಲೋಮೀಟರ್ ಕೆಳಗೆ ಅದರದೇ ರಾಜ್ಯ.

ಈ ಕಥೆಯಲ್ಲಿ ಹಳೆಯ ಬೆಂಗಳೂರಿಗೆ ಗಟ್ಟಿಯಾದ ಪಾತ್ರವಿದೆ. ಮಲ್ಲೇಶ್ವರದ ಉತ್ತರದ ಮಗ್ಗುಲಿಗೆ, 1909ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಊರಿನ ಹಿರಿಯರಿಗೆ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿ, ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದ ಸಿ. ಎನ್. ಆರ್. ರಾವ್ ಅವರು 1976ರಲ್ಲಿ ಕಾನ್ಪುರದಿಂದ ಈ ಸಂಸ್ಥೆಗೆ ಮರಳಿ ಘನಸ್ಥಿತಿ ರಸಾಯನವಿಜ್ಞಾನದ ವಿಭಾಗವನ್ನು ಕಟ್ಟಿದರು. ಆಗ ಜಗತ್ತಿನಲ್ಲಿ ಆ ವಿಷಯಕ್ಕೆ ವಿಶೇಷ ಮನ್ನಣೆ ಇರಲಿಲ್ಲ. ಪೆರೊವ್ಸ್ಕೈಟ್ ಮಾದರಿಯ ಆಕ್ಸೈಡುಗಳು, ಅವುಗಳಲ್ಲಿಯೂ ಪದರುಪದರಾಗಿ ಜೋಡಿಸಿಕೊಂಡಿರುವ ಆಕ್ಸೈಡುಗಳು, ಈ ವಿಭಾಗದ ನಿತ್ಯದ ಅಧ್ಯಯನವಾದವು. 1984ರಲ್ಲಿ ಗಂಗೂಲಿ ಮತ್ತು ರಾವ್ ಅವರು ಪದರು ರಚನೆಯ ಲೋಹ ಆಕ್ಸೈಡುಗಳ ಕುರಿತು ಬರೆದಾಗ ಅದು ಕೆಲವೇ ತಜ್ಞರ ವಿಷಯವಾಗಿತ್ತು. ಎರಡು ವರ್ಷಗಳಲ್ಲಿ ಅದೇ ಕುಟುಂಬದ ತಾಮ್ರದ ಆಕ್ಸೈಡೊಂದು ಹೆಚ್ಚಿನ ಉಷ್ಣತೆಯಲ್ಲಿ ಅತಿವಾಹಕವಾಗುವುದನ್ನು ಸ್ವಿಟ್ಜರ್ಲೆಂಡಿನ ಬೆಡ್ನಾರ್ಜ್ ಮತ್ತು ಮ್ಯುಲ್ಲರ್ ಕಂಡುಹಿಡಿದರು, ಜಗತ್ತೇ ಪದರುಗಳತ್ತ ತಿರುಗಿತು. ಉಪಯೋಗವೇನೆಂದು ತಿಳಿಯದ ಕಾಲದಲ್ಲಿ ಮಾಡಿಟ್ಟ ಕೆಲಸದ ಬೆಲೆ ಇಂಥದು.

1987ರಲ್ಲಿ ಇದೇ ವಿಭಾಗದ ಜೆ. ಗೋಪಾಲಕೃಷ್ಣನ್ ಅವರು ವಾಸುದೇವ ಭಟ್ ಅವರೊಡನೆ ಒಂದು ಹೊಸ ಪದರು ಪೆರೊವ್ಸ್ಕೈಟ್ ಸರಣಿಯನ್ನು ತಯಾರಿಸಿ ಪ್ರಕಟಿಸಿದರು. ಮೂರು ಅಷ್ಟಮುಖಿಗಳಷ್ಟು ದಪ್ಪದ ಟೈಟಾನಿಯಮ್ ಆಕ್ಸೈಡಿನ ಹಾಳೆಗಳು. ಹಾಳೆಯ ಒಳಗೆ ಲ್ಯಾಂಥನಮ್ ಅಥವಾ ಅದರ ಬಳಗದ ವಿರಳ ಭಸ್ಮ ಧಾತು. ಹಾಳೆ ಹಾಳೆಗಳ ನಡುವೆ ಪೊಟ್ಯಾಸಿಯಮ್ ಅಥವಾ ರುಬಿಡಿಯಮ್. ನಡುವಿನ ಈ ಅಯಾನುಗಳನ್ನು ಹೊರದೂಡಿ ಬೇರೆ ಅಯಾನುಗಳನ್ನು ಒಳಸೇರಿಸಬಹುದು, ಹಾಳೆಗೆ ಧಕ್ಕೆಯಾಗದು ಎಂಬುದು ಅವರ ಮುಖ್ಯ ಶೋಧ. ಅಡಿಕೆ ಚೀಲಗಳ ಅಟ್ಟಿಯಲ್ಲಿ ಚೀಲಗಳನ್ನು ಅಲುಗಿಸದೆ ನಡುವಿನ ಹಲಗೆಯನ್ನಷ್ಟೇ ಬದಲಿಸಿದಂತೆ. ಈ ಸರಣಿ ಮತ್ತೆ ಕೊನೆಯಲ್ಲಿ ಬರಲಿದೆ. ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಬೆಳಕು ಸೂಸುವ ಪೆರೊವ್ಸ್ಕೈಟ್ ಆಕ್ಸೈಡುಗಳ ಪೈಕಿಯದಲ್ಲ. ಅದರಲ್ಲಿ ನಡುವಿನ ಲೋಹ ಸೀಸ. ಸುತ್ತ ಆರು ಮೂಲೆಗಳಲ್ಲಿ ಆಮ್ಲಜನಕದ ಬದಲು ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್. ಇವುಗಳ ಗೂಡುಗಳಲ್ಲಿ ಸೀಸಿಯಮ್ ಅಥವಾ ಚಿಕ್ಕದೊಂದು ಸಾವಯವ ಅಯಾನು ಕುಳಿತರೆ ಮೂರು ದಿಕ್ಕಿಗೂ ಹಬ್ಬಿದ ಹರಳು. ಗೂಡಿನಲ್ಲಿ ಹಿಡಿಸದಷ್ಟು ಉದ್ದನೆಯ ಸಾವಯವ ಅಣುವನ್ನು ಸೇರಿಸಿದರೆ ಹರಳು ಆ ದಿಕ್ಕಿನಲ್ಲಿ ಹಬ್ಬಲಾರದೆ ಹಾಳೆ ಹಾಳೆಯಾಗಿ ಸೀಳಿಕೊಳ್ಳುತ್ತದೆ. ಬಸವನಗುಡಿಯ ಮದುವೆಯೂಟದ ಚಿರೋಟಿಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ ಮತ್ತು ಅಕ್ಕಿಹಿಟ್ಟಿನ ಸಾಟಿಯನ್ನು ಸವರಿದ್ದರಿಂದಲೇ ಕರಿದಾಗ ಪದರುಗಳು ಬಿಡಿಸಿಕೊಳ್ಳುತ್ತವೆ. ಸಾಟಿ ಇಲ್ಲದಿದ್ದರೆ ಎಲ್ಲ ಒಂದೇ ಮುದ್ದೆ. ಪದರು ಪೆರೊವ್ಸ್ಕೈಟಿನಲ್ಲಿ ಸೀಸ ಮತ್ತು ಬ್ರೋಮಿನ್‌ಗಳದು ಹಾಳೆ, ಸಾವಯವ ಅಣುಗಳದು ಸಾಟಿ. ಒಂದು ಹಾಳೆಯ ದಪ್ಪ ಒಂದು ನ್ಯಾನೊಮೀಟರಿಗಿಂತಲೂ ಕಡಿಮೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ನ್ಯಾನೊಮೀಟರ್.

ಹಾಳೆಯನ್ನು ತೆಳುಗೊಳಿಸಿದ ಮಾತ್ರಕ್ಕೆ ಬೆಳಕಿಗೆ ಏನು ಲಾಭ? ಅರೆವಾಹಕಕ್ಕೆ ವಿದ್ಯುತ್ತು ಹರಿಸಿದಾಗ ಒಂದು ಕಡೆಯಿಂದ ಎಲೆಕ್ಟ್ರಾನ್, ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿನ ಖಾಲಿ ಸ್ಥಾನ, ಅಂದರೆ ರಂಧ್ರ, ಒಳಬರುತ್ತವೆ. ಎರಡೂ ಸಂಧಿಸಿದರೆ ಎಲೆಕ್ಟ್ರಾನ್ ಆ ಖಾಲಿ ಸ್ಥಾನಕ್ಕಿಳಿದು, ಉಳಿದ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಸಂಧಿಸದೆ ಅಲೆದು, ಹರಳಿನ ದೋಷವೊಂದರಲ್ಲಿ ಸಿಲುಕಿದರೆ ಶಕ್ತಿಯೆಲ್ಲ ಬಿಸಿಯಾಗಿ ವ್ಯರ್ಥ. ದಪ್ಪ ಹರಳಿನಲ್ಲಿ ಅಲೆದಾಟಕ್ಕೆ ಎಡೆ ಹೆಚ್ಚು. ತೆಳು ಹಾಳೆಯಲ್ಲಿ ಎರಡಕ್ಕೂ ಬೇರೆ ದಾರಿಯಿಲ್ಲ. ಅವು ಒಂದನ್ನೊಂದು ಬಿಗಿಯಾಗಿ ಹಿಡಿದ ಜೋಡಿಯಾಗುತ್ತವೆ. ವಿಜ್ಞಾನಿಗಳು ಈ ಜೋಡಿಯನ್ನು ಎಕ್ಸಿಟಾನ್ ಎನ್ನುತ್ತಾರೆ. ಪದರು ಪೆರೊವ್ಸ್ಕೈಟಿನಲ್ಲಿ ಈ ಹಿಡಿತದ ಬಲ ಕೊಠಡಿಯ ಶಾಖ ಅದನ್ನು ಬಿಡಿಸಲು ಪ್ರಯತ್ನಿಸುವ ಬಲಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು.

ಎರಡನೆಯ ಲಾಭ ಬಣ್ಣದ್ದು. ಸೀಸದ ಬ್ರೋಮೈಡಿನ ಒಂದೇ ಹಾಳೆ ನೇರಳೆಯನ್ನು ಸೂಸುತ್ತದೆ. ಎರಡು ಮೂರು ಹಾಳೆಗಳು ಕೂಡಿ ಒಂದು ಪದರಾದರೆ ನೀಲಿ. ಇನ್ನೂ ದಪ್ಪವಾದಂತೆ ಹಸಿರಿನತ್ತ ಸರಿಯುತ್ತದೆ. ಬ್ರೋಮಿನ್ ಬದಲು ಅಯೋಡಿನ್ ಸೇರಿಸಿದರೆ ಕೆಂಪಿನ ಕಡೆಗೆ. ಒಂದೇ ಅಡುಗೆ, ಅಳತೆ ಬದಲಿಸಿದರೆ ಬೇರೆ ಬಣ್ಣ. ಅದೂ ಎಂಥ ಬಣ್ಣವೆಂದರೆ ಬೇರೆ ಛಾಯೆಗಳ ಬೆರಕೆಯಿಲ್ಲದ ಅಚ್ಚ ಹಸಿರು, ಅಚ್ಚ ಕೆಂಪು. ದೂರದರ್ಶನದ ಪರದೆ ತಯಾರಿಸುವವರ ಕಣ್ಣು ಈ ಹರಳಿನ ಮೇಲೆ ಬಿದ್ದಿರುವುದು ಇದಕ್ಕಾಗಿಯೇ.

ಇಲ್ಲಿ ಮಲ್ಲೇಶ್ವರದ ಇನ್ನೊಬ್ಬ ನಿವಾಸಿಯ ನೆನಪು ಬರುವುದು ಸಹಜ. ಸರ್ ಸಿ. ವಿ. ರಾಮನ್ ಅವರ ಮನೆ ‘ಪಂಚವಟಿ’ ಮಲ್ಲೇಶ್ವರದಲ್ಲಿದೆ. 1933ರಿಂದ 1937ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಅವರು ಆ ವರ್ಷಗಳಲ್ಲಿ ಚಿಪ್ಪುಗಳ ಒಳಮೈಯ ಹೊಳೆಯುವ ಬಣ್ಣಗಳನ್ನು ಅಧ್ಯಯನ ಮಾಡಿದರು. ಅಲ್ಲಿಯೂ ಬಣ್ಣಕ್ಕೆ ಕಾರಣ ಪದರುಗಳೇ. ಆದರೆ ಎರಡನ್ನೂ ಒಂದೆಂದು ತಿಳಿಯಬಾರದು. ಚಿಪ್ಪಿನ ಪದರುಗಳು ನೂರಾರು ನ್ಯಾನೊಮೀಟರ್ ದಪ್ಪದವು. ಹೊರಗಿನಿಂದ ಬಂದ ಬೆಳಕು ಪದರು ಪದರಿನಿಂದ ಪ್ರತಿಫಲಿಸಿ, ಅಲೆಗಳು ಒಂದರ ಮೇಲೊಂದು ಕೂಡಿ ಬಣ್ಣವಾಗುತ್ತದೆ. ಕತ್ತಲೆಯಲ್ಲಿ ಚಿಪ್ಪು ಕಪ್ಪು. ಪೆರೊವ್ಸ್ಕೈಟಿನ ಹಾಳೆಯಲ್ಲಾದರೋ ಬೆಳಕು ಒಳಗೇ ಹುಟ್ಟುತ್ತದೆ.

ಈ ಹರಳಿನ ಬೆಳಕಿನ ಇತಿಹಾಸ ಸುದೀರ್ಘವಾಗಿ ಹೇಳುವಷ್ಟಿಲ್ಲ. 1994ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಎರಾ, ಸುತ್ಸುಯಿ ಮತ್ತು ಸಂಗಡಿಗರು ಪದರು ಪೆರೊವ್ಸ್ಕೈಟಿಗೆ ವಿದ್ಯುತ್ತು ಹರಿಸಿ ಪ್ರಖರವಾದ ಹಸಿರು ಬೆಳಕನ್ನು ಪಡೆದರು. ಆದರೆ ದ್ರವ ಸಾರಜನಕದ ಚಳಿಯಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಅಂಥ ದೀಪ ಯಾರ ಮನೆಗೂ ಒದಗದು. ಇಪ್ಪತ್ತು ವರ್ಷ ವಿಷಯ ತಣ್ಣಗಿತ್ತು. 2009ರಲ್ಲಿ ಜಪಾನಿನ ಮಿಯಸಾಕಾ ಬಳಗ ಇದೇ ಬಗೆಯ ಹರಳಿನಿಂದ ಸೌರಕೋಶ ಮಾಡಿದ ಮೇಲೆ ಆಸಕ್ತಿ ಮರಳಿತು. 2014ರಲ್ಲಿ ಕೇಂಬ್ರಿಜ್‌ನ ರಿಚರ್ಡ್ ಫ್ರೆಂಡ್ ಅವರ ತಂಡ ಸಾಮಾನ್ಯ ಉಷ್ಣತೆಯಲ್ಲಿ ದೀಪ ಬೆಳಗಿಸಿತು. ನೂರು ಎಲೆಕ್ಟ್ರಾನ್ ಒಳಗೆ ಕಳಿಸಿದರೆ ಹೊರಬರುತ್ತಿದ್ದ ಬೆಳಕಿನ ಕಣ ಒಂದೂ ಇರಲಿಲ್ಲ. ಮರುವರ್ಷ ಜ್ಯೂರಿಕ್‌ನ ಕೊವಲೆಂಕೊ ಬಳಗ ಸೀಸಿಯಮ್ ಸೀಸ ಹ್ಯಾಲೈಡಿನ ನ್ಯಾನೊ ಹರಳುಗಳನ್ನು ಸೀಸೆಯೊಳಗಿನ ದ್ರಾವಣದಲ್ಲಿಯೇ ಬೆಳೆಸಿ ಕಾಮನಬಿಲ್ಲಿನ ಎಲ್ಲ ಬಣ್ಣಗಳನ್ನು ತೋರಿಸಿತು. 2018ರ ವೇಳೆಗೆ ಹೊರಬರುವ ಕಣಗಳ ಸಂಖ್ಯೆ ನೂರಕ್ಕೆ ಇಪ್ಪತ್ತನ್ನು ದಾಟಿತು. ನಾಲ್ಕು ವರ್ಷಗಳಲ್ಲಿ ಇಷ್ಟು ಏರಿಕೆ ದೀಪಗಳ ಚರಿತ್ರೆಯಲ್ಲಿ ವಿರಳ.

ಈ ಏರಿಕೆಯ ಹಿಂದಿನ ಉಪಾಯಗಳಲ್ಲೊಂದು ಮಲೆನಾಡಿನವರಿಗೆ ಕಣ್ಣಾರೆ ಪರಿಚಿತ. ಪದರುಗಳ ಮಧ್ಯದ ಸಾವಯವ ಸಾಟಿ ಅವಾಹಕ. ಅದು ಹೆಚ್ಚಾದರೆ ವಿದ್ಯುತ್ತೇ ಒಳಬಾರದು. ಆದುದರಿಂದ ತೆಳು, ಮಧ್ಯಮ, ದಪ್ಪ ಪದರುಗಳನ್ನು ಒಂದೇ ಲೇಪದಲ್ಲಿ ಬೆರಸಿದರು. ತೆಳು ಪದರಿನ ಶಕ್ತಿಯ ಮಟ್ಟ ಎತ್ತರ, ದಪ್ಪ ಪದರಿನದು ತಗ್ಗು. ಗುಡ್ಡದ ನೆತ್ತಿಯಲ್ಲಿ ಬಿದ್ದ ಮಳೆ ಸಣ್ಣ ಸಣ್ಣ ಝರಿಗಳಾಗಿ ಇಳಿದು ಕೊನೆಗೆ ಒಂದೇ ಹಳ್ಳವನ್ನು ಸೇರುವಂತೆ, ತೆಳು ಪದರುಗಳಲ್ಲಿ ಹುಟ್ಟಿದ ಎಕ್ಸಿಟಾನುಗಳ ಶಕ್ತಿ ಇಳಿದಿಳಿದು ದಪ್ಪ ಪದರುಗಳಲ್ಲಿ ಸಂಗ್ರಹವಾಗಿ ಅಲ್ಲಿ ಬೆಳಕಾಗುತ್ತದೆ. ದಾರಿಯಲ್ಲಿ ಸೋರಿಹೋಗುವುದು ಕಡಿಮೆ.

ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆಯ ಡಿ. ಡಿ. ಶರ್ಮಾ ಅವರ ಬಳಗವೂ, 1989ರಲ್ಲಿ ಸ್ಥಾಪಿತವಾದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರಂಜನಿ ವಿಶ್ವನಾಥ ಅವರ ಬಳಗವೂ ಇಂಥ ನ್ಯಾನೊ ಹರಳುಗಳ ಬೆಳಕನ್ನು ಅಧ್ಯಯನ ಮಾಡಿವೆ. ಮಲೆನಾಡಿನ ಕಾಲೇಜುಗಳಲ್ಲಿ ರಸಾಯನವಿಜ್ಞಾನ ಓದುತ್ತಿರುವವರು ಇದನ್ನು ಅಮೆರಿಕದ ಸುದ್ದಿಯೆಂದು ತಿಳಿಯಬೇಕಾಗಿಲ್ಲ; ರಾತ್ರಿಯ ಬಸ್ಸು ಹತ್ತಿದರೆ ಬೆಳಗ್ಗೆ ತಲುಪುವ ದೂರದಲ್ಲಿ ಇದರ ಕೆಲಸ ನಡೆದಿದೆ.

ಇಷ್ಟು ಹೊಗಳಿಕೆಯ ಮಾತಾಯಿತು. ಇನ್ನು ಈ ದೀಪದ ತೊಡಕುಗಳು.

ಮೊದಲನೆಯದು ಬಾಳಿಕೆ. ಅಂಗಡಿಯ ಎಲ್‌ಇಡಿ ಸಾವಿರಾರು ಗಂಟೆ ಉರಿಯುತ್ತದೆ. ಪೆರೊವ್ಸ್ಕೈಟ್ ದೀಪ ಆರಂಭದಲ್ಲಿ ನಿಮಿಷಗಳಲ್ಲಿಯೇ ಕುಂದುತ್ತಿತ್ತು. ಇಂದು ಕಣ್ಣಿಗೆ ಕಾಣದ ಅವಕೆಂಪು ಮತ್ತು ಹಸಿರು ದೀಪಗಳು ಬಹಳ ಮುಂದುವರಿದಿವೆ, ನೀಲಿ ಇನ್ನೂ ಹಿಂದುಳಿದಿದೆ. ನೀಲಿಯಿಲ್ಲದೆ ಬಿಳಿಯಿಲ್ಲ. ಕಾರಣವೇನೆಂದರೆ ಹರಳನ್ನು ಸುಲಭವಾಗಿ ಕಟ್ಟಿಕೊಡುವ ಮೃದುತ್ವವೇ ಅದನ್ನು ಸುಲಭವಾಗಿ ಕೆಡಿಸುತ್ತದೆ. ವಿದ್ಯುತ್ತಿನ ಸೆಳೆತಕ್ಕೆ ಅಯಾನುಗಳೇ ಜಾಗ ಬಿಟ್ಟು ಸರಿಯುತ್ತವೆ. ಬ್ರೋಮಿನ್ ಮತ್ತು ಅಯೋಡಿನ್ ಬೆರಸಿದ್ದರೆ ಅವು ಬೇರ್ಪಟ್ಟು ದೀಪದ ಬಣ್ಣವೇ ಬದಲಾಗುತ್ತದೆ. ತೇವಾಂಶ ಇನ್ನೊಂದು ಶತ್ರು. ಸಾವಯವ ಸಾಟಿ ನೀರನ್ನು ಸ್ವಲ್ಪ ಮಟ್ಟಿಗೆ ದೂರವಿಡುವುದರಿಂದ ಪದರು ಹರಳು ದಪ್ಪ ಹರಳಿಗಿಂತ ಗಟ್ಟಿ ಎಂಬುದು ನಿಜ. ಆದರೂ ಆಗುಂಬೆಯ ಜುಲೈ ತಿಂಗಳು ಪ್ರಯೋಗಶಾಲೆಯ ಒಣ ಪೆಟ್ಟಿಗೆಯಲ್ಲ. ಪುಸ್ತಕಕ್ಕೆ, ಚರ್ಮದ ಚಪ್ಪಲಿಗೆ, ಬಾಗಿಲ ಮರಕ್ಕೆ ಬೂಷ್ಟು ಹಿಡಿಯುವ ಮನೆಯಲ್ಲಿ ಈ ದೀಪ ಗಾಜಿನ ಕವಚದೊಳಗೆ ಗಾಳಿಯಾಡದಂತೆ ಮುಚ್ಚಿದ್ದರಷ್ಟೇ ಬದುಕೀತು.

ಎರಡನೆಯದು ಹೆಚ್ಚು ಗಂಭೀರ: ಸೀಸ. ಈ ವಿಷದ ಪಾಠವನ್ನು ಬೆಂಗಳೂರು ಬಹಳ ಹಿಂದೆಯೇ ಕಲಿತಿದೆ. 1999ರಲ್ಲಿ ಬೆಂಗಳೂರನ್ನೂ ಒಳಗೊಂಡು ದೇಶದ ಹಲವು ನಗರಗಳಲ್ಲಿ ಜಾರ್ಜ್ ಪ್ರತಿಷ್ಠಾನ ನಡೆಸಿದ ರಕ್ತಪರೀಕ್ಷೆಯಲ್ಲಿ, ಪರೀಕ್ಷಿಸಲಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಅಂದಿನ ಎಚ್ಚರಿಕೆಯ ಮಟ್ಟವನ್ನು ಮೀರಿದ ಸೀಸ ಕಂಡುಬಂದಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಯ ಕೇಂದ್ರವನ್ನು ಕಟ್ಟಿ ಬೆಳೆಸಿದರು. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸವನ್ನು ತೆಗೆಯಲಾಯಿತು. ಮಗುವಿನ ಮೆದುಳಿಗೆ ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣ ಯಾವುದೂ ಇಲ್ಲವೆಂಬುದು ಇಂದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ನಿಲುವು. ಇಷ್ಟೆಲ್ಲ ಪ್ರಯಾಸಪಟ್ಟು ಗಾಳಿಯಿಂದ ಹೊರಹಾಕಿದ ಸೀಸವನ್ನು ದೀಪದ ಮೂಲಕ ಮತ್ತೆ ಮನೆಯೊಳಗೆ ಕರೆಯುವುದೇ?

ಇದಕ್ಕೆ ಹೌದು ಅಥವಾ ಇಲ್ಲ ಎಂದು ಕೂಗುವ ಮೊದಲು ಲೆಕ್ಕ ಹಾಕಬೇಕು. ಸೀಸಿಯಮ್ ಸೀಸ ಬ್ರೋಮೈಡಿನ ತೂಕದಲ್ಲಿ ಸುಮಾರು ಶೇಕಡ 36 ಸೀಸ. ಉದ್ದನೆಯ ಸಾವಯವ ಅಣುಗಳಿರುವ ಪದರು ಹರಳಿನಲ್ಲಿಯೂ ಕಾಲು ಭಾಗಕ್ಕಿಂತ ಹೆಚ್ಚು. ಯುರೋಪಿನ ನಿಯಮವೂ ಭಾರತದ ಇ-ತ್ಯಾಜ್ಯ ನಿಯಮವೂ ವಿದ್ಯುನ್ಮಾನ ಸಾಮಗ್ರಿಯ ಯಾವುದೇ ಏಕರೂಪ ವಸ್ತುವಿನಲ್ಲಿ ಕೆಲವು ವಿನಾಯಿತಿಗಳ ಹೊರತು ಶೇಕಡ 0.1ಕ್ಕಿಂತ ಹೆಚ್ಚು ಸೀಸಕ್ಕೆ ಎಡೆಗೊಡುವುದಿಲ್ಲ. ಹೀಗೆ ನೋಡಿದರೆ ಮಾತು ಮುಗಿಯಿತು. ಆದರೆ ದೀಪದಲ್ಲಿ ಬೇಕಾಗುವ ಲೇಪ ಅತಿ ತೆಳು. 50 ನ್ಯಾನೊಮೀಟರ್ ದಪ್ಪದ ಲೇಪವನ್ನು ಒಂದು ಚದರ ಮೀಟರ್ ಬಳಿದರೆ ಹರಳಿನ ತೂಕ ಕಾಲು ಗ್ರಾಂ. ಸೀಸ ಒಂದು ಗ್ರಾಮಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಮೊಬೈಲಿನ ಪರದೆಯಷ್ಟು ಅಗಲಕ್ಕೆ ಒಂದು ಮಿಲಿಗ್ರಾಂ ಕೂಡ ಆಗದು. ಇತ್ತ, 1995ರಲ್ಲಿ ಹರೀಶ್ ಹಂದೆ ಅವರು ಸಹಸ್ಥಾಪಕರಾಗಿ ಬೆಂಗಳೂರಿನಲ್ಲಿ ಸೆಲ್ಕೊ ಸಂಸ್ಥೆಯನ್ನು ಆರಂಭಿಸಿದಂದಿನಿಂದ ತಂತಿ ಮುಟ್ಟದ ಎಷ್ಟೋ ಹಳ್ಳಿಮನೆಗಳಿಗೆ ಬೆಳಕು ಕೊಟ್ಟ ಸೌರದೀಪಗಳ ಬ್ಯಾಟರಿಯನ್ನು ನೋಡಬೇಕು. ಜಗಲಿಯ ಮೂಲೆಯಲ್ಲಿ ಕುಳಿತ ಅಂಥ ಒಂದು ಸೀಸ-ಆಮ್ಲ ಬ್ಯಾಟರಿಯಲ್ಲಿ ಕಿಲೋಗಟ್ಟಲೆ ಸೀಸವಿದೆ. ಮಿಲಿಗ್ರಾಮಿನ ಬಗ್ಗೆ ಗಾಬರಿಯಾಗಿ ಕಿಲೋಗ್ರಾಮನ್ನು ಮರೆಯುವುದು ವಿವೇಕವಲ್ಲ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ಬಚ್ಚಿಟ್ಟು ಈ ದೀಪವನ್ನು ಸಮರ್ಥಿಸುವವರೂ ಇದ್ದಾರೆ. ಬ್ಯಾಟರಿಯ ಸೀಸ ಹೆಚ್ಚಿನಂಶ ಲೋಹ ಮತ್ತು ನೀರಿನಲ್ಲಿ ಹೆಚ್ಚು ಕರಗದ ಸಂಯುಕ್ತ. ತೂಕವೂ ಬೆಲೆಯೂ ಇರುವುದರಿಂದ ಗುಜರಿಯವನು ಮನೆಬಾಗಿಲಿಗೆ ಬಂದು ಒಯ್ಯುತ್ತಾನೆ. ಅದನ್ನು ಕರಗಿಸುವ ಕುಲುಮೆಗಳ ಸುತ್ತಲಿನ ಅನಾಹುತ ಬೇರೆ ಮಾತು. ಪೆರೊವ್ಸ್ಕೈಟಿನಲ್ಲಿರುವ ಸೀಸದ ಬ್ರೋಮೈಡ್ ಒಂದು ಲೀಟರ್ ನೀರಿನಲ್ಲಿ 8ರಿಂದ 10 ಗ್ರಾಮಿನಷ್ಟು ಕರಗುತ್ತದೆ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕ ಬ್ಯೂರೊ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮೇಲೆ ಹೇಳಿದ ಒಂದು ಚದರ ಮೀಟರ್ ಲೇಪದ ಸೀಸ ಪೂರ್ತಿ ಕರಗಿ ಸೇರಿದರೆ 8,000 ಲೀಟರಿಗೂ ಹೆಚ್ಚು ಶುದ್ಧ ನೀರು ಆ ಮಿತಿಯನ್ನು ಮುಟ್ಟುತ್ತದೆ. ಬೆಟ್ಟದ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಹಾಯಿಸಿಕೊಂಡು ನೇರವಾಗಿ ಅಡುಗೆಮನೆಗೆ ತರುವ ಊರಿನಲ್ಲಿ, ಒಡೆದ ಪರದೆಗಳು ಹಳ್ಳದ ಮೇಲ್ಭಾಗದ ತಿಪ್ಪೆ ಸೇರಬಾರದೆಂಬುದಕ್ಕೆ ಬೇರೆ ವಿವರಣೆ ಬೇಡ. ಪಾದರಸದ ವಿಷಯದಲ್ಲಿ ಕೊಡೈಕನಾಲ್ ಬೆಟ್ಟ ಇದನ್ನು ಅನುಭವಿಸಿತು. ಥರ್ಮಾಮೀಟರ್ ಕಾರ್ಖಾನೆಯ ಗಾಜಿನ ಚೂರುಗಳು ಗುಜರಿ ಅಂಗಳದಲ್ಲಿ ಪತ್ತೆಯಾದದ್ದು, ಕಾರ್ಖಾನೆ ಮುಚ್ಚಿದ್ದು 2001ರಲ್ಲಿ.

ಬೆಂಗಳೂರಿನಲ್ಲಿ ಹಳೆಯ ವಿದ್ಯುನ್ಮಾನ ಸಾಮಾನುಗಳ ದಾರಿ ಯಾರಿಗೂ ಗುಟ್ಟಲ್ಲ. ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗವಾಗಿ ಮಾರಾಟವಾದದ್ದು ಕೆಲವು ವರ್ಷಗಳಲ್ಲಿ ಅದೇ ಮಾರುಕಟ್ಟೆಯ ಹಿಂದುಮುಂದಿನ ಜಾಲಿ ಮೊಹಲ್ಲಾದ ಗುಜರಿಗೆ ಮರಳುತ್ತದೆ. ಅಲ್ಲಿ ಬೆಲೆ ತಾಮ್ರಕ್ಕೆ, ಅಲ್ಯೂಮಿನಿಯಮ್ಮಿಗೆ. 50 ನ್ಯಾನೊಮೀಟರ್ ಲೇಪಕ್ಕೆ ಕಾಸಿನ ಬೆಲೆಯೂ ಇಲ್ಲ. ಬೆಲೆಯಿಲ್ಲದ್ದನ್ನು ಯಾರೂ ಹೆಕ್ಕಿ ಇಡುವುದಿಲ್ಲ. 2022ರ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊಣೆ ಹೊರಿಸಿವೆ. 2023ರ ಏಪ್ರಿಲಿನಿಂದ ಅವು ಜಾರಿಯಲ್ಲಿವೆ. ಗುಜರಿಯ ಕೈಗಾಡಿಯ ಮಟ್ಟಕ್ಕೆ ನಿಯಮ ಇಳಿಯುವುದು ಯಾವಾಗಲೂ ತಡ. ದೀಪ ತಯಾರಾಗುವಲ್ಲಿಯೂ ಒಂದು ಪ್ರಶ್ನೆಯಿದೆ: ಹರಳನ್ನು ಕರಗಿಸಲು ಪ್ರಯೋಗಶಾಲೆಗಳು ಬಳಸುವ ಡೈಮೀಥೈಲ್ ಫಾರ್ಮಮೈಡ್ ಯಕೃತ್ತಿಗೆ ಹಾನಿಕರ. ಒಬ್ಬ ಸಂಶೋಧಕ ಕೈಗವಸು ತೊಟ್ಟು ಹತ್ತು ಮಿಲಿಲೀಟರ್ ಬಳಸುವುದು ಒಂದು, ಕಾರ್ಖಾನೆಯ ಕೂಲಿಯವರು ದಿನವಿಡೀ ಅದರ ಆವಿಯಲ್ಲಿ ನಿಲ್ಲುವುದು ಇನ್ನೊಂದು.

ಸೀಸವನ್ನೇ ಬಿಡಬಹುದೇ ಎಂಬ ಯತ್ನವೂ ಸಾಗಿದೆ. ತವರ ಸೀಸದ ಕುಟುಂಬದ್ದೇ ಲೋಹ, ಹಾಳೆಯಲ್ಲಿ ಅದರ ಸ್ಥಾನದಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಗಾಳಿ ತಾಗಿದೊಡನೆ ಉತ್ಕರ್ಷಣಗೊಂಡು ಕೆಡುತ್ತದೆ. ಬಿಸ್ಮತ್, ತಾಮ್ರ, ಬೆಳ್ಳಿಗಳ ಹರಳುಗಳನ್ನೂ ಪರೀಕ್ಷಿಸಲಾಗುತ್ತಿದೆ. ಸೀಸದಷ್ಟು ಸಲೀಸಾಗಿ, ಹರಳಿನ ದೋಷಗಳನ್ನು ಲೆಕ್ಕಿಸದೆ ಬೆಳಗುವ ಬದಲಿ ಲೋಹ ಇದುವರೆಗೆ ಸಿಕ್ಕಿಲ್ಲ.

ಮೊದಲು ಹೇಳಿದ 1987ರ ಬೆಂಗಳೂರಿನ ಸರಣಿ ಇಲ್ಲಿ ಮರಳಿ ಬರುತ್ತದೆ. ಅದರಲ್ಲಿ ಸೀಸವಿಲ್ಲ, ನೀರಿಗೆ ಕರಗುವ ಹ್ಯಾಲೈಡ್ ಇಲ್ಲ. ಹಾಳೆಗಳ ನಡುವಿನ ಪೊಟ್ಯಾಸಿಯಮ್ಮನ್ನು ಬದಲಿಸಬಹುದೆಂದು ತಿಳಿದ ಮೇಲೆ ಹಾಳೆಗಳನ್ನು ಪೂರ್ತಿ ಬಿಡಿಸಿ ಒಂದೊಂದಾಗಿ ತೇಲಿಸಬಹುದೇ ಎಂಬ ಯೋಚನೆ ಬರುವುದು ಸ್ವಾಭಾವಿಕ. 2008ರಲ್ಲಿ ಜಪಾನಿನ ಇದಾ, ಮತ್ಸುಮೊತೊ ಮತ್ತು ಸಂಗಡಿಗರು ಈ ಸರಣಿಯ ಆಕ್ಸೈಡುಗಳನ್ನೂ ಇನ್ನೆರಡು ಸರಣಿಗಳನ್ನೂ ಹೀಗೆ ಬಿಡಿಸಿ ನ್ಯಾನೊ ಹಾಳೆಗಳನ್ನು ಮಾಡಿ, ಅವು ಸೂಸುವ ಬೆಳಕನ್ನು ಅಳೆದು ಪ್ರಕಟಿಸಿದರು. ಹಾಳೆಯೊಳಗಿನ ವಿರಳ ಭಸ್ಮ ಧಾತುಗಳೇ ಅಲ್ಲಿನ ದೀಪಗಳು. ಯುರೋಪಿಯಮ್ ಕೆಂಪಾಗಿಯೂ ಟರ್ಬಿಯಮ್ ಹಸಿರಾಗಿಯೂ ಹೊಳೆಯುವುದು ರಸಾಯನವಿಜ್ಞಾನಿಗಳಿಗೆ ಹಳೆಯ ಪರಿಚಯ. ಈ ಹಾಳೆಗಳಿಗೂ ಮಿತಿಯಿದೆ. ಅವು ಅತಿನೇರಳೆ ಬೆಳಕು ಬಿದ್ದರೆ ಮರುಬೆಳಗುತ್ತವೆ, ತಂತಿ ಜೋಡಿಸಿ ವಿದ್ಯುತ್ತು ಹರಿಸಿದರೆ ಅಲ್ಲ. ಆಕ್ಸೈಡಿನ ಹಾಳೆ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು. ಅಂದರೆ ಇಂದಿನ ಎಲ್‌ಇಡಿಯ ಹಳದಿ ಪುಡಿಯ ಸ್ಥಾನಕ್ಕೆ ಇವು ಅಭ್ಯರ್ಥಿಗಳಾದಾವು, ನೀಲಿ ಚೂರಿನ ಸ್ಥಾನಕ್ಕಲ್ಲ. ವಿರಳ ಭಸ್ಮ ಧಾತುಗಳ ಗಣಿಗಾರಿಕೆಯ ಹಾನಿಯೂ ಲೆಕ್ಕಕ್ಕೆ ಬರಬೇಕು.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರ ಮುಂದಾಳತ್ವದಲ್ಲಿ 1962ರಲ್ಲಿ ಆರಂಭವಾದ ಬೆಂಗಳೂರು ಸೈನ್ಸ್ ಫೋರಂ ಯಾವ ಊರಿನವರಿಗೂ ಬಾಗಿಲು ತೆರೆದು ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿದೆ. ವಿಜ್ಞಾನಿಯ ಎದುರು ನಿಂತು ಪ್ರಶ್ನೆ ಕೇಳುವುದನ್ನು ನರಸಿಂಹಯ್ಯನವರು ಶ್ರೋತೃವಿನ ಹಕ್ಕೆಂದೇ ತಿಳಿದಿದ್ದರು. ಹೊಸ ದೀಪದ ಕುರಿತು ಮಾತನಾಡುವವರು ಸಿಕ್ಕಾಗ ಮಲೆನಾಡಿನ ವಿದ್ಯಾರ್ಥಿಗಳು ಕೇಳಬಹುದಾದ ಪ್ರಶ್ನೆಗಳು ಈಗಲೇ ಸಿದ್ಧವಿವೆ. ನೂರಕ್ಕೆ ಇಪ್ಪತ್ತು ಎಂಬ ಅಂಕಿ ಎಷ್ಟು ಗಂಟೆಯ ನಂತರದ್ದು? ಶೇಕಡ ತೊಂಬತ್ತರ ತೇವಾಂಶದಲ್ಲಿ ಅಳೆದಿದ್ದಾರೆಯೇ? ಕವಚ ಒಡೆದ ದೀಪವನ್ನು ಒಂದು ಬಕೆಟ್ ಮಳೆನೀರಿನಲ್ಲಿ ಒಂದು ವಾರ ಇಟ್ಟು, ಆ ನೀರಿನಲ್ಲಿರುವ ಸೀಸವನ್ನು ಯಾರಾದರೂ ಅಳೆದಿದ್ದಾರೆಯೇ? ಹಾಗೆ ಒಡೆದದ್ದನ್ನು ತೀರ್ಥಹಳ್ಳಿಯಲ್ಲೋ ಸಿರಸಿಯಲ್ಲೋ ವಾಪಸು ತೆಗೆದುಕೊಳ್ಳುವ ಅಂಗಡಿ ಯಾವುದು?